ಕುದಿಸಿದ ಪಿಷ್ಟ ನೀರಾಗುವುದೇಕೆ?

ಕಾರವಾರ, ಅಂಕೋಲಾ ಭಾಗದಲ್ಲಿ ತೋಟದ ಉತ್ಪನ್ನದ ಜೊತೆಗೆ ಮುರುಗಲು, ಅನಾನಸು, ಮಾವುಗಳಿಂದ ಸಾಸು, ಗೊಜ್ಜು ಮಾಡಿ ಮಾರುವ ಮನೆಗಳೂ ಮಹಿಳಾ ಸಂಘಗಳೂ ಇವೆ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಕೆ ದೊರೆತ ಮೇಲೆ ಇಂಥ ತಯಾರಿಕೆಗೆ ಉತ್ಸಾಹ ಹೆಚ್ಚುವುದು ಸಹಜ. ಆದರೆ ಒಲೆಯ ಮೇಲೆ ಗಟ್ಟಿಯಾಗಿದ್ದ ಸಾಸು ಬಾಟಲಿಯಲ್ಲಿ ತೆಳುವಾದರೆ, ಇಲ್ಲವೆ ಮೇಲೆ ನೀರು ಬಿಟ್ಟರೆ, ಗಿರಾಕಿ ಎರಡನೆಯ ಸಲ ಕೊಳ್ಳುವುದಿಲ್ಲ. ಹಣ್ಣು, ಸಕ್ಕರೆ, ಸೌದೆ, ಶ್ರಮ ಎಲ್ಲವೂ ವ್ಯರ್ಥ. ಇದರ ಕಾರಣವನ್ನು ಸದಸ್ಯ ಬಾಂಧವರು ತಿಳಿದಿರುವುದು ಒಳ್ಳೆಯದು.

ಸಾಮಾನ್ಯ ಪಿಷ್ಟದ ಗುಣ

ಅಕ್ಕಿ, ಮೆಕ್ಕೆಜೋಳ, ಮರಗೆಣಸು, ಕೂವೆ, ಇವೆಲ್ಲವುಗಳ ಪಿಷ್ಟವೂ ಸಣ್ಣ ಕಣಗಳ ರೂಪದಲ್ಲಿರುತ್ತದೆ. ಕಣದೊಳಗೆ ಗ್ಲೂಕೋಸಿನ ಉದ್ದ ಸರಪಳಿಗಳಿವೆ. ನೇರವಾದದ್ದು ಅಮೈಲೋಸ್, ಕವಲೊಡೆದದ್ದು ಅಮೈಲೊಪೆಕ್ಟಿನ್. ತಣ್ಣೀರಿನಲ್ಲಿ ಕಣ ಕರಗದು. ಕಾಯಿಸಿದಾಗ, ಮೆಕ್ಕೆಜೋಳದ ಪಿಷ್ಟವಾದರೆ ಸುಮಾರು 62ರಿಂದ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದು ನೀರು ಕುಡಿದು ಉಬ್ಬುತ್ತದೆ. ಗಂಜಿ ಗಟ್ಟಿಯಾಗುವುದು ಹೀಗೆ.

ಇನ್ನೂ ಕುದಿಸುತ್ತ, ತಿರುವುತ್ತ ಹೋದರೆ ಉಬ್ಬಿದ ಕಣ ಒಡೆದು ಗಂಜಿ ಮತ್ತೆ ತೆಳುವಾಗುತ್ತದೆ. ಮುರುಗಲಿನಂಥ ಹುಳಿಯಿದ್ದರೆ ಸರಪಳಿಗಳೇ ತುಂಡಾಗಿ ಈ ಕೆಲಸ ಬೇಗ ನಡೆಯುತ್ತದೆ. ತಣಿದ ಮೇಲೆ ಅಮೈಲೋಸ್ ಸರಪಳಿಗಳು ಒಂದಕ್ಕೊಂದು ಒತ್ತಿಕೊಂಡು ನಡುವಿನ ನೀರನ್ನು ಹೊರಹಾಕುತ್ತವೆ. ಬಾಟಲಿಯಲ್ಲಿ ನೀರು ಬಿಡುವುದಕ್ಕೆ ಇದೇ ಕಾರಣ.

ಮಾರ್ಪಡಿಸಿದ ಪಿಷ್ಟಗಳು

ಈ ದೋಷಗಳನ್ನು ನೀಗಿಸಲು ಪಿಷ್ಟವನ್ನು ರಾಸಾಯನಿಕವಾಗಿ ಬದಲಿಸುತ್ತಾರೆ. ಮುಖ್ಯವಾದವು ಮೂರು.

1. ಅಡ್ಡಕೊಂಡಿ ಹಾಕಿದ ಪಿಷ್ಟ: ಬೆಟ್ಟದಿಂದ ತರುವ ಸೊಪ್ಪಿನ ಹೊರೆಗೆ ಬಳ್ಳಿ ಬಿಗಿದ ಹಾಗೆ, ಸರಪಳಿಗಳ ನಡುವೆ ಫಾಸ್ಫೇಟ್ ಅಥವಾ ಅಡಿಪೇಟ್ ಕೊಂಡಿಗಳನ್ನು ಬಹಳ ವಿರಳವಾಗಿ ಹಾಕುತ್ತಾರೆ. ಆಗ ಕಣ ಉಬ್ಬುತ್ತದೆ, ಆದರೆ ಒಡೆಯುವುದಿಲ್ಲ. ಕುದಿ, ಹುಳಿ, ಕಡೆತ ಮೂರನ್ನೂ ತಾಳುತ್ತದೆ. ಕೊಂಡಿ ಹೆಚ್ಚಾದರೆ ಮಾತ್ರ ಕುದಿನೀರಿನಲ್ಲೂ ಸರಿಯಾಗಿ ಉಬ್ಬುವುದಿಲ್ಲ.

2. ಅಸಿಟೈಲ್ ಅಥವಾ ಹೈಡ್ರಾಕ್ಸಿಪ್ರೊಪೈಲ್ ಗುಂಪು ಸೇರಿಸಿದ ಪಿಷ್ಟ: ಸಾಲುಗಳ ನಡುವೆ ಗೂಟ ನೆಟ್ಟಂತೆ ಇವು ಸರಪಳಿಗಳನ್ನು ದೂರವಿಡುತ್ತವೆ. ಪಿಷ್ಟ ಕಡಿಮೆ ಶಾಖದಲ್ಲೇ ಉಬ್ಬುತ್ತದೆ, ತಣಿದಾಗ ನೀರು ಬಿಡುವುದು ಕಡಿಮೆ.

3. ಉತ್ಕರ್ಷಿಸಿದ ಪಿಷ್ಟ: ಹೈಪೋಕ್ಲೋರೈಟಿನಿಂದ ಸರಪಳಿಗಳನ್ನು ಮೊಟಕುಗೊಳಿಸಿದ್ದು. ಕಾಯಿಸಿದರೆ ತೆಳುವಾದ, ತಿಳಿಯಾದ ಅಂಟು ಸಿಗುತ್ತದೆ. ನಮ್ಮ ಜಿಲ್ಲೆಯ ದಾಂಡೇಲಿಯಲ್ಲಿರುವಂಥ ಕಾಗದದ ಉದ್ಯಮದಲ್ಲಿ, ಹಾಳೆಯ ಮೈ ನಯವಾಗಿಸಲು ಇಂಥದಕ್ಕೆ ಬಳಕೆಯುಂಟು. ಸಾಸು ಗಟ್ಟಿಮಾಡಲು ಇದು ಪ್ರಯೋಜನವಿಲ್ಲ.

ಹುಳಿ ಸಾಸಿಗೆ ಬೇಕಾದದ್ದು ಮೊದಲೆರಡೂ ಗುಣ ಸೇರಿದ ಪಿಷ್ಟ. ಆಹಾರ ಸಂಕೇತ ಸಂಖ್ಯೆ 1422 ಮತ್ತು 1442 ಅಂಥವು.

ಪರೀಕ್ಷಿಸುವ ಬಗೆ

ಒಂದೇ ಅಳತೆಯ ಎರಡು ಪಾತ್ರೆ ತೆಗೆದುಕೊಳ್ಳಿ. ಒಂದರಲ್ಲಿ ಒಂದು ಲೋಟ ನೀರು, ಇನ್ನೊಂದರಲ್ಲಿ ಒಂದು ಲೋಟ ಮುರುಗಲು ರಸ ಹಾಕಿ. ಎರಡಕ್ಕೂ ಒಂದೊಂದು ಚಮಚ ಪಿಷ್ಟವನ್ನು ತಣ್ಣಗಿರುವಾಗಲೇ ಕದಡಿ, ಗಟ್ಟಿಯಾದ ಮೇಲೂ 15 ನಿಮಿಷ ಮುಚ್ಚಿ ಸಣ್ಣ ಉರಿಯಲ್ಲಿ ಕುದಿಸಿ, ಆಗಾಗ ಕದಡಿ. ರಾತ್ರಿಯಿಡೀ ತಣಿಯಲು ಬಿಡಿ. ಹುಳಿಯ ಪಾತ್ರೆಯದು ತೆಳುವಾಗಿದ್ದರೆ, ಅಥವಾ ಮೇಲೆ ನೀರು ನಿಂತಿದ್ದರೆ, ಆ ಪಿಷ್ಟ ಬಾಟಲಿಯ ಸಾಸಿಗೆ ತಕ್ಕುದಲ್ಲ. ಇಡೀ ಹಂಡೆ ಕೆಡಿಸಿಕೊಳ್ಳುವ ಬದಲು ಒಂದು ಲೋಟದಲ್ಲೇ ತಿಳಿಯುವುದು ಲಾಭ.

ಮನೆಯ ಬಳಕೆಗಾದರೆ ಸಾಮಾನ್ಯ ಪಿಷ್ಟವೇ ಸಾಕು. ಗಟ್ಟಿಯಾದೊಡನೆ ಒಲೆಯಿಂದಿಳಿಸಿ ಹುಳಿಯನ್ನು ಕೊನೆಗೆ ಬೆರೆಸಬೇಕು. ಮಾರಾಟದ ಬಾಟಲಿಗೆ ಈ ಉಪಾಯ ನಡೆಯದು, ಏಕೆಂದರೆ ಕೆಡದಂತೆ ಇಡಲು ಹುಳಿ ಬೆರೆತ ಮೇಲೂ ಕಾಯಿಸಲೇಬೇಕು.

ಎಚ್ಚರಿಕೆ

ಕಾಗದಕ್ಕೆ, ಬಟ್ಟೆಗೆಂದು ತಯಾರಾದ ಪಿಷ್ಟ ಅಗ್ಗವೆಂದು ಆಹಾರಕ್ಕೆ ಎಂದೂ ಬಳಸಬಾರದು. ಚೀಲದ ಮೇಲೆ ಆಹಾರ ದರ್ಜೆ ಎಂಬ ಮಾತೂ ಸಂಕೇತ ಸಂಖ್ಯೆಯೂ ಇವೆಯೇ ನೋಡಿ ಕೊಳ್ಳಬೇಕು. ಬಳಸಿದ ಪಿಷ್ಟವನ್ನು ನಮ್ಮ ಬಾಟಲಿಯ ಚೀಟಿಯಲ್ಲೂ ನಮೂದಿಸಬೇಕು. ಇಷ್ಟನ್ನು ಪಾಲಿಸಿದರೆ ನಮ್ಮ ತೋಟದ ಹಣ್ಣಿಗೆ ಬಂದ ಹೆಸರು ಬಾಟಲಿಯಲ್ಲೂ ಉಳಿದೀತು.