ಅಡ್ಡಕ್ಕೂ ಓದು, ಉದ್ದಕ್ಕೂ ಓದು

ಮಗು, ನೀನು ಕಳಿಸಿದ ವೆಬ್ ಪುಟ ತೆರೆದು ನೋಡಿದೆ. ಬಣ್ಣ ಹಿತವಾಗಿದೆ, ಅಕ್ಷರ ದುಂಡಗಿವೆ. ನಿನ್ನ ಕೈಯಲ್ಲಿ ಕಸುಬಿದೆ, ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಸಂತೋಷ. ಆದರೆ ಕಸುಬಿನಷ್ಟೇ ಆತುರವೂ ಇದೆ. ‘ಟೇಬಲ್ ಹಳೇ ಕಾಲದ್ದು, ಮುಟ್ಟಲೇಬಾರದು’ ಅಂತ ಯಾರೋ ಹೇಳಿದರು. ನೀನು ಹಿಂದೆಮುಂದೆ ನೋಡದೆ ಕೊಬ್ಬರಿ ಧಾರಣೆಯ ಪಟ್ಟಿಯಿಂದಲೂ ಟೇಬಲ್ ಕಿತ್ತೆಸೆದು, ಆ ಜಾಗದಲ್ಲಿ ಡಿವ್ ಅನ್ನುವ ಬರೀ ಡಬ್ಬಿಗಳ ಸಾಲು ನಿಲ್ಲಿಸಿದೆ. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗಾಯಿತು. ಬಾ, ಜಗಲಿ ಮೇಲೆ ಕೂತುಕೋ. ಎಳನೀರು ಕೆತ್ತಿಸುತ್ತೇನೆ, ಕುಡಿಯುತ್ತಾ ಕೇಳು.

ಮೊದಲು, ಟೇಬಲ್ ಮೇಲೆ ಜನಕ್ಕೆ ಇಷ್ಟು ಸಿಟ್ಟು ಯಾಕೆ ಬಂತು ಅನ್ನುವುದು ಗೊತ್ತಿರಲಿ. 1995ರ ಹೊತ್ತಿಗೆ ಬ್ರೌಸರ್‌ಗಳಿಗೆ ಟೇಬಲ್ ತೋರಿಸುವ ವಿದ್ಯೆ ಬಂತು. ವಿಜ್ಞಾನಿಗಳು ಅಂಕಿಅಂಶ ಇಡಲಿ ಅಂತ ಮಾಡಿದ ಸಾಮಾನು ಅದು. ಪುಟವನ್ನು ಪತ್ರಿಕೆಯ ಹಾಗೆ ಎರಡು ಮೂರು ಕಾಲಮ್ಮಿನಲ್ಲಿ ಕೂರಿಸಬೇಕು ಅಂದವರಿಗೆ ಆಗ ಬೇರೆ ದಾರಿಯೇ ಇರಲಿಲ್ಲ. ಅದು, 1996ರಲ್ಲಿ ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಶುರುಮಾಡಿ ಅಂತರ್ಜಾಲದಲ್ಲಿ ಕನ್ನಡ ಪತ್ರಿಕೆ ಅಂದರೆ ಏನು ಅಂತ ತೋರಿಸಿದ ಕಾಲ. ಬಣ್ಣ, ಅಂತರ, ಜೋಡಣೆಗಳನ್ನು ಬರಹದಿಂದ ಬೇರೆಯಾಗಿ ಬರೆದಿಡುವ ಸಿಎಸ್‌ಎಸ್ ಅನ್ನುವ ಸ್ಟೈಲ್‌ಶೀಟನ್ನು ಹೋಕೋನ್ ವಿಯುಮ್ ಲೀ ಅನ್ನುವವರು 1994ರಲ್ಲೇ ಮುಂದಿಟ್ಟಿದ್ದರು. ಬರ್ಟ್ ಬೋಸ್ ಜೊತೆಗೂಡಿದರು. 1996ರ ಡಿಸೆಂಬರಿನಲ್ಲಿ ಸಿಎಸ್‌ಎಸ್‌ನ ಮೊದಲ ಆವೃತ್ತಿ ಅಧಿಕೃತವೂ ಆಯಿತು. ಕಾಗದದ ಮೇಲೆ ಆದದ್ದು ಬ್ರೌಸರಿಗೆ ಇಳಿಯಬೇಕಲ್ಲ? ಒಂದು ಬ್ರೌಸರ್ ಒಂದು ಥರ ತೋರಿಸಿದರೆ ಇನ್ನೊಂದು ಇನ್ನೊಂದು ಥರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹೀಗಾಗಿ ಹೊಟ್ಟೆಪಾಡಿನ ಕೆಲಸವೆಲ್ಲ ಟೇಬಲ್ಲಿನಲ್ಲೇ ನಡೆಯಿತು.

ಹೇಗೆ ನಡೆಯಿತು ಅಂತೀಯ? ಇಡೀ ಪುಟಕ್ಕೊಂದು ಟೇಬಲ್. ಅದರೊಳಗೆ ತಲೆಪಟ್ಟಿಗೊಂದು, ಎಡಗಡೆ ಮೆನುವಿಗೊಂದು, ನಡುವಿನ ಬರಹಕ್ಕೊಂದು. ನಡುವಿನದರೊಳಗೆ ಮತ್ತೆರಡು. ಸ್ವಲ್ಪ ಜಾಗ ಬಿಡಬೇಕು ಅಂದರೆ ಕಣ್ಣಿಗೆ ಕಾಣದ ಒಂದೇ ಒಂದು ಚುಕ್ಕೆಯ ಗಿಫ್ ಚಿತ್ರವನ್ನು ಬೇಕಾದಷ್ಟು ಉದ್ದಕ್ಕೆ ಎಳೆದು ತುರುಕುತ್ತಿದ್ದೆವು. ಹತ್ತು ಸಾಲಿನ ಸುದ್ದಿಗೆ ನೂರು ಸಾಲಿನ ಕೋಡು. ಮೂಗಿಗಿಂತ ಮೂಗುತಿ ಭಾರ.

ಆಗ ನಾನು ಬೆಂಗಳೂರಿನಲ್ಲಿದ್ದೆ. ಒಂದು ಕಡೆ ನಲವತ್ತು ಪುಟ ಮಾಡಿ ಕೊಟ್ಟಿದ್ದೆ. ಎಲ್ಲ ಮುಗಿದ ಮೇಲೆ, ‘ಎಡಗಡೆ ಇರುವ ಮೆನು ಬಲಗಡೆಗೆ ಬರಲಿ’ ಅಂದರು. ಒಂದೇ ಮಾತು. ಆ ಒಂದು ಮಾತಿಗೆ ನಲವತ್ತು ಪುಟವನ್ನೂ ಬಿಚ್ಚಿ, ಖಾನೆ ಖಾನೆಯನ್ನೂ ಕೈಯಿಂದ ಕಿತ್ತು ಆಚೀಚೆ ಮಾಡಿದೆ. ಬೆಳಗಿನ ಜಾವದ ಹೊತ್ತಿಗೆ ಒಂದು ಪುಟ ಪೂರ್ತಿ ಬಿಳಿ. ಒಂದಕ್ಷರವೂ ಕಾಣದು. ಒಂದು ಟೇಬಲ್ ಮುಚ್ಚುವ ಗುರುತು ಬಿಟ್ಟುಹೋಗಿತ್ತು, ಅಷ್ಟೇ. ಒಳಗೆ ಬರಹವೆಲ್ಲ ನೆಟ್ಟಗಿತ್ತು. ಕಟ್ಟಿದ ಗೂಡು ಕುಸಿದು ಕಾಳೇ ಸಿಗದ ಹಾಗಾಗಿತ್ತು. ಬರಹ ಬೇರೆ, ಬರಹದ ಉಡುಗೆ ಬೇರೆ ಅನ್ನುವ ಪಾಠವನ್ನು ನಾನು ಆವತ್ತು ರಾತ್ರಿ ಕಲಿತೆ.

ಕನ್ನಡಕ್ಕಂತೂ ಈ ಗೂಡು ಇನ್ನೂ ಬಿಗಿ. ನಮ್ಮ ಮಾತಿನ ಸ್ವಭಾವ ನಿನಗೆ ಗೊತ್ತು. ಇಂಗ್ಲಿಷಿನಲ್ಲಿ ಮೂರು ತುಂಡಾಗಿ ಬರುವುದು ನಮ್ಮಲ್ಲಿ ಒಂದೇ ಪದವಾಗಿ ಬರುತ್ತದೆ. ‘ಚನ್ನರಾಯಪಟ್ಟಣದವರಿಂದಲೇ’ ಅಂತ ಒಂದು ಪದ ಬರೆದು ಸಣ್ಣ ಖಾನೆಯಲ್ಲಿ ಹಾಕಿ ನೋಡು. ಪದ ಒಡೆಯುವುದಿಲ್ಲ. ಖಾನೆ ಅದಕ್ಕೆ ಮಣಿದು ಅಗಲವಾಗುತ್ತದೆ. ಅದು ಅಗಲವಾದಷ್ಟೂ ಪಕ್ಕದ ಖಾನೆ ಒತ್ತರಿಸಿಕೊಳ್ಳುತ್ತದೆ. ಅಲ್ಲಿದ್ದ ಬರಹ ಒಂದೊಂದು ಪದದ ಸಾಲಾಗಿ ನೆಲದವರೆಗೆ ಇಳಿಯುತ್ತದೆ. ಕಂಪ್ಯೂಟರಿನ ಅಗಲ ಪರದೆಯಲ್ಲಿ ಹೇಗೋ ಸಹಿಸಬಹುದು. ಇವತ್ತು ನಮ್ಮೂರಿನವರು ಓದುವುದು ಎಲ್ಲಿ? ತೋಟದಲ್ಲಿ ಮೋಟರ್ ಹಾಕಿ, ಕಟ್ಟೆ ಮೇಲೆ ಕೂತು, ಅಂಗೈಯಗಲದ ಮೊಬೈಲಿನಲ್ಲಿ.

ಊರಿನದೇ ಒಂದು ಮಾತು ಹೇಳುತ್ತೇನೆ. ಗೊರೂರಿನಲ್ಲಿ ನಿಲ್ಲಿಸಿದ ಹೇಮಾವತಿ ನೀರು ತುಮಕೂರಿನ ಕಡೆಗೆ ಹೋಗುವುದು ನಮ್ಮ ಬಾಗೂರು–ನವಿಲೆ ಸುರಂಗದಲ್ಲಿ. ನೆಲದಡಿ ಕೊರೆದ ದಾರಿ ಅದು. ಒಮ್ಮೆ ಕೊರೆದ ಮೇಲೆ ಆಚೆ ಈಚೆ ಸರಿಸುವ ಮಾತೇ ಇಲ್ಲ. ದಿಣ್ಣೆ ಅಡ್ಡ ಬಂದಲ್ಲಿ ಅದೇ ಸರಿ. ಆದರೆ ಅದೇ ನೀರು ಗದ್ದೆಗೆ ಬಂದಾಗ ನಾವು ಸುರಂಗ ಕೊರೆಯುತ್ತೇವಾ? ಗುದ್ದಲಿಯಲ್ಲಿ ಮಡಿ ಕಟ್ಟುತ್ತೇವೆ. ಈ ಮಡಿ ತುಂಬಿತೋ, ಬದು ಒಡೆದು ಆ ಮಡಿಗೆ ತಿರುಗಿಸುತ್ತೇವೆ. ಸ್ಟೈಲ್‌ಶೀಟ್ ಅನ್ನುವುದು ಆ ಗುದ್ದಲಿ. ಬರಹ ನೀರಿದ್ದ ಹಾಗೆ. ಅಗಲ ಪರದೆಗೆ ಮೂರು ಮಡಿ, ಮೊಬೈಲಿಗೆ ಒಂದೇ ಮಡಿ. ನೀರು ಮಾತ್ರ ಒಂದೇ. ಹಿಂದೆ ನಾವು ಗದ್ದೆಯಲ್ಲಿ ಸುರಂಗ ಕೊರೆದೆವು. ನೀನೀಗ ಬಂಡೆಗೆ ಗುದ್ದಲಿ ಹಾಕುತ್ತಿದ್ದೀಯ.

ಸ್ಟೈಲ್‌ಶೀಟಿನ ಉಪಕಾರ ಎಷ್ಟು ಅಂತ ಒಂದು ಒತ್ತಕ್ಷರ ಹೇಳುತ್ತದೆ, ಕೇಳು. ‘ರಾಷ್ಟ್ರ’ ಅಂತ ಬರೆ. ‘ಷ’ದ ಕೆಳಗೆ ‘ಟ’, ಅದರ ಪಕ್ಕದಲ್ಲಿ ‘ರ’ದ ಒತ್ತು. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಆ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಓದುವವರಿಗೆ ಯಾವುದು ಮೇಲಿನದು, ಯಾವುದು ಕೆಳಗಿನದು ಅಂತ ಗೊಂದಲ. ಇಂಗ್ಲಿಷಿಗೆ ಸರಿಹೋದ ಅಂತರ ಕನ್ನಡಕ್ಕೆ ಸಾಲದು. ಸ್ಟೈಲ್‌ಶೀಟಿನಲ್ಲಿ ಲೈನ್-ಹೈಟ್ 1.7 ಅಂತ ಒಂದೇ ಒಂದು ಸಾಲು ಬರೆ. ಸಾವಿರ ಪುಟದಲ್ಲೂ ಕನ್ನಡ ಉಸಿರಾಡುತ್ತದೆ. ಇದನ್ನೇ ಪ್ರತಿ ಖಾನೆಯೊಳಗೂ ಬರೆಯುವ ಕಾಲದಲ್ಲಿ ಇದ್ದವನಿಗೆ ಆ ಒಂದು ಸಾಲಿನ ಬೆಲೆ ಗೊತ್ತು. 2003ರಲ್ಲಿ ಡೇವ್ ಶಿಯಾ ಅನ್ನುವ ಕೆನಡಾದ ಹುಡುಗ ‘ಸಿಎಸ್‌ಎಸ್ ಜೆನ್ ಗಾರ್ಡನ್’ ಅಂತ ಒಂದು ತಾಣ ಮಾಡಿದ. ಒಂದೇ ಬರಹ, ಒಂದೇ ಎಚ್‌ಟಿಎಂಎಲ್. ಸ್ಟೈಲ್‌ಶೀಟ್ ಬದಲಾದ ಹಾಗೆಲ್ಲ ಗುರುತೇ ಸಿಗದಷ್ಟು ಬೇರೆ ಬೇರೆ ರೂಪ. ಅದನ್ನು ನೋಡಿದ ಮೇಲೆ ನಮ್ಮಂಥ ಎಷ್ಟೋ ಜನ ಹಳೇ ಗೂಡು ಬಿಟ್ಟು ಹೊರಬಂದೆವು. 2017ರಲ್ಲಿ ದೊಡ್ಡ ಬ್ರೌಸರ್‌ಗಳಿಗೆಲ್ಲ, ಸ್ಟೈಲ್‌ಶೀಟಿನಲ್ಲೇ ಕಾಲಮ್ಮು ಕೂರಿಸುವ ಗ್ರಿಡ್ ಬಂತು. ಇನ್ನು ಪುಟ ಜೋಡಿಸುವುದಕ್ಕೆ ಟೇಬಲ್ ಹಿಡಿಯುವವನಿಗೆ ಯಾವ ನೆಪವೂ ಉಳಿಯಲಿಲ್ಲ.

ಹಾಗಾದರೆ ಟೇಬಲ್ ಎಲ್ಲಿ ಬೇಕು? ಇಲ್ಲೇ ನೀನು ಎಡವಿದ್ದು. ನನ್ನ ಪರೀಕ್ಷೆ ಒಂದೇ: ಅಡ್ಡಕ್ಕೂ ಓದು, ಉದ್ದಕ್ಕೂ ಓದು. ಎರಡು ಕಡೆಯಿಂದಲೂ ಅರ್ಥ ಬಂದರೆ ಅದು ಟೇಬಲ್. ಬರದಿದ್ದರೆ ಅದು ಬರೀ ಜೋಡಣೆ, ಸ್ಟೈಲ್‌ಶೀಟಿನ ಕೆಲಸ.

ಮದುವೆಯ ಮುಯ್ಯಿ ಪುಸ್ತಕ ತೆಗೆ. ಹೆಸರು, ಊರು, ರೂಪಾಯಿ. ಅಡ್ಡಕ್ಕೆ ಓದಿದರೆ ಯಾವ ಊರಿನ ಯಾರು ಎಷ್ಟು ಕೊಟ್ಟರು ಅಂತ ತಿಳಿಯುತ್ತದೆ. ಉದ್ದಕ್ಕೆ ಕೂಡಿದರೆ ಒಟ್ಟು ಮುಯ್ಯಿ ಎಷ್ಟು ಅಂತ. ಇದು ಟೇಬಲ್. ಪಹಣಿ ತೆಗೆ. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ ಕಂಪ್ಯೂಟರಿಗೆ ಏರಿದವಲ್ಲ, ಅವುಗಳ ಜೀವ ಇರುವುದೇ ಖಾನೆಗಳಲ್ಲಿ. ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಹಕ್ಕುದಾರರ ಹೆಸರು, ಬೆಳೆ. ‘2–15’ ಅನ್ನುವುದು ವಿಸ್ತೀರ್ಣದ ಖಾನೆಯಲ್ಲಿ ಕೂತರೆ ಎರಡು ಎಕರೆ ಹದಿನೈದು ಗುಂಟೆ. ಖಾನೆ ತಪ್ಪಿದರೆ ಅದು ಏನೂ ಅಲ್ಲ. ಅಣ್ಣತಮ್ಮಂದಿರು ವ್ಯಾಜ್ಯ ಹೂಡುವಷ್ಟು ತೂಕ ಆ ಖಾನೆಗಿದೆ. ಚನ್ನರಾಯಪಟ್ಟಣ ಸ್ಟ್ಯಾಂಡಿನ ಬಸ್ಸಿನ ವೇಳಾಪಟ್ಟಿ ಟೇಬಲ್. ಶಾಲೆಯ ಅಂಕಪಟ್ಟಿ ಟೇಬಲ್. ಆದರೆ ನುಗ್ಗೇಹಳ್ಳಿ ದೇವಸ್ಥಾನದ ಬಗ್ಗೆ ನೀನು ಎಡಕ್ಕೆ ಚಿತ್ರ, ಬಲಕ್ಕೆ ಬರಹ ಇಡುತ್ತೀಯಲ್ಲ, ಅದು ಟೇಬಲ್ ಅಲ್ಲ. ಉದ್ದಕ್ಕೆ ಓದಿ ನೋಡು, ಒಂದು ಚಿತ್ರಕ್ಕೂ ಇನ್ನೊಂದು ಚಿತ್ರಕ್ಕೂ ಲೆಕ್ಕದ ಸಂಬಂಧವೇ ಇಲ್ಲ.

ಕಣ್ಣಿಗೆ ಚೆನ್ನಾಗಿ ಕಂಡರೆ ಸಾಕಲ್ಲ ತಾತ ಅಂತೀಯ. ಕಣ್ಣಿಲ್ಲದವರು ಓದುವುದಿಲ್ಲವೇ? ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಹುಟ್ಟಿನಿಂದ ದೃಷ್ಟಿಯಿಲ್ಲ. ಬುದ್ಧಿ ಚುರುಕು. ಮನೆಯಲ್ಲಿ ತೆಂಗಿನ ವ್ಯವಹಾರ ಅವನದೇ. ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶ ಅವನ ಲ್ಯಾಪ್‌ಟಾಪಿನಲ್ಲಿದೆ. ಕನ್ನಡವನ್ನೂ ಓದುತ್ತದೆ. ನಿನ್ನ ಧಾರಣೆ ಪುಟವನ್ನು ಅವನ ಮುಂದೆ ತೆರೆದಿಟ್ಟೆ. ‘ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣ’ ಅಂತ ಊರುಗಳ ಹೆಸರು ಒಂದಾದ ಮೇಲೊಂದು ಹೇಳಿತು. ಆಮೇಲೆ ಬರೀ ಅಂಕಿ, ಅಂಕಿ, ಅಂಕಿ. ಯಾವ ಊರಿಗೆ ಯಾವ ಬೆಲೆ, ಯಾವುದು ಕನಿಷ್ಠ, ಯಾವುದು ಗರಿಷ್ಠ, ಒಂದೂ ತಿಳಿಯಲಿಲ್ಲ. ಕಣ್ಣಿಗೆ ನೇರ ಕಂಡ ಸಾಲು ಕಿವಿಗೆ ಚೆಲ್ಲಾಪಿಲ್ಲಿ.

ಅದೇ ಪಟ್ಟಿಯನ್ನು ನಾನು ಟೇಬಲ್ಲಿಗೆ ಹಾಕಿದೆ. ಮೇಲೊಂದು ಕ್ಯಾಪ್ಷನ್: ‘ಇಂದಿನ ಕೊಬ್ಬರಿ ಧಾರಣೆ, ಕ್ವಿಂಟಾಲಿಗೆ’. ತಲೆಸಾಲಿನ ಖಾನೆಗಳನ್ನು ಟಿಡಿ ಅನ್ನದೆ ಟಿಎಚ್ ಅಂದೆ, ಅದು ಕೆಳಗಿನ ಖಾನೆಗಳಿಗೆಲ್ಲ ತಲೆ ಅಂತ ಸ್ಕೋಪ್ ಕೊಟ್ಟೆ. ಊರಿನ ಹೆಸರುಗಳಿಗೂ ಹಾಗೇ, ಪಕ್ಕದ ಖಾನೆಗಳಿಗೆ ತಲೆ ಅಂತ. ಹುಡುಗ ಕಂಟ್ರೋಲ್, ಆಲ್ಟ್ ಒತ್ತಿಹಿಡಿದು ಬಾಣದ ಗುಂಡಿ ಒತ್ತಿದ. ಒಂದು ಖಾನೆಯಿಂದ ಇನ್ನೊಂದಕ್ಕೆ ಹೋದ ಹಾಗೆ ಎನ್‌ವಿಡಿಎ ‘ಅರಸೀಕೆರೆ’, ‘ಗರಿಷ್ಠ’ ಅಂತ ತಲೆಯನ್ನೂ ಹೇಳಿ, ಬೆಲೆಯನ್ನೂ ಹೇಳಿತು. ಅವನು ಒಂದು ಸಲ ಅಡ್ಡಕ್ಕೆ ಹೋದ, ಒಂದು ಸಲ ಉದ್ದಕ್ಕೆ ಬಂದ, ‘ತಾತ, ಈ ವಾರ ಕಾಯೋದೇ ವಾಸಿ’ ಅಂದ. ಪುಟ ಅಂದರೆ ಅದು, ಮಗು. ಓದಿದವನು ಒಂದು ತೀರ್ಮಾನಕ್ಕೆ ಬರಬೇಕು. 1999ರಲ್ಲೇ ಎಚ್‌ಟಿಎಂಎಲ್ 4.01 ಬರೆದವರು, ಬರೀ ಜೋಡಣೆಗೆ ಟೇಬಲ್ ಬಳಸಬೇಡಿ ಅಂತ ಹೇಳಿದ್ದರು. ಟೇಬಲ್ ಬೇಡ ಅಂತ ಅವರು ಹೇಳಲೇ ಇಲ್ಲ. ಅರ್ಧ ಮಾತು ಕೇಳಿ ಓಡಿದವರು ಉಳಿದರ್ಧ ಹುಟ್ಟಿಸಿಕೊಂಡರು.

ಇನ್ನು ಕೆಲವು ಸಣ್ಣ ಮಾತು, ಸೆರಗಿನಲ್ಲಿ ಗಂಟು ಹಾಕಿಕೊಂಡ ಹಾಗೆ ಇಟ್ಟುಕೋ.

ಟೇಬಲ್ ಬಳಸಿದೆ ಅಂತ ಸ್ಟೈಲ್‌ಶೀಟ್ ಬಿಡಬೇಡ. ಗೆರೆ, ಬಣ್ಣ, ಸಾಲು ಬಿಟ್ಟು ಸಾಲಿಗೆ ತಿಳಿ ಛಾಯೆ, ಅಂಕಿಗಳು ಬಲಕ್ಕೆ ಒತ್ತಿ ನಿಲ್ಲುವುದು, ಎಲ್ಲ ಅದರಿಂದಲೇ ಆಗಲಿ. ಎಲುಬು ಟೇಬಲ್ಲಿನದು, ಉಡುಗೆ ಸ್ಟೈಲ್‌ಶೀಟಿನದು.

ಮೊಬೈಲಿನಲ್ಲಿ ಟೇಬಲ್ ಹಿಡಿಸುವುದಿಲ್ಲ ಅಂತ ಅದನ್ನು ಸ್ಟೈಲ್‌ಶೀಟಿನಿಂದಲೇ ತುಂಡು ತುಂಡು ಮಾಡಬೇಡ. ಹಾಗೆ ಮಾಡಿದರೆ ಕೆಲವು ಬ್ರೌಸರ್‌ಗಳು ಅದು ಟೇಬಲ್ ಅನ್ನುವುದನ್ನೇ ಮರೆತುಬಿಡುತ್ತವೆ, ಆ ಹುಡುಗ ಮತ್ತೆ ಕತ್ತಲಲ್ಲಿ ನಿಲ್ಲುತ್ತಾನೆ. ಟೇಬಲ್ ಸುತ್ತ ಒಂದು ಡಿವ್ ಇಟ್ಟು, ಅದು ಅಡ್ಡಕ್ಕೆ ಜರುಗುವ ಹಾಗೆ ಮಾಡು. ಬೆರಳಿನಿಂದ ಸರಿಸಿ ಓದುತ್ತಾರೆ. ಪಹಣಿ ಓದಿದ ಜನ, ಅಷ್ಟು ತಾಳ್ಮೆ ಅವರಿಗಿದೆ.

ಪ್ರತಿ ಪ್ಯಾರಾದ ತಲೆಗೂ ಸ್ಟೈಲ್ ಅಂಟಿಸಬೇಡ. ಅದು ಹಳೇ ತಪ್ಪಿಗೆ ಹೊಸ ಅಂಗಿ ತೊಡಿಸಿದ ಹಾಗೆ. ಸ್ಟೈಲ್‌ಶೀಟಿನ ಕ್ಲಾಸಿಗೆ ‘ಕೆಂಪು’ ಅಂತಲೂ ಹೆಸರಿಡಬೇಡ. ನಾಳೆ ಬಣ್ಣ ಹಸಿರಾದರೆ ಹೆಸರು ಸುಳ್ಳಾಗುತ್ತದೆ. ‘ಎಚ್ಚರಿಕೆ’ ಅಂತ ಇಡು. ಹೇಗೆ ಕಾಣುತ್ತದೆ ಅಂತ ಅಲ್ಲ, ಅದು ಏನು ಅಂತ ಹೆಸರಿಡಬೇಕು.

ಒಂದು ಕಡೆ ಮಾತ್ರ ಹಳೇ ದಾರಿಯಲ್ಲಿ ಹೋಗಬೇಕಾಗುತ್ತದೆ. ಅದು ಇಮೇಲ್. 2007ರಿಂದ ವಿಂಡೋಸಿನ ಔಟ್‌ಲುಕ್ ಪತ್ರಗಳನ್ನು ವರ್ಡಿನ ಯಂತ್ರದಿಂದ ತೋರಿಸುತ್ತಾ ಬಂತು. ಸ್ಟೈಲ್‌ಶೀಟಿನ ಎಷ್ಟೋ ಮಾತು ಆ ಯಂತ್ರಕ್ಕೆ ತಿಳಿಯದು. ಅಂಥ ಪತ್ರ ಜೋಡಿಸುವಾಗ ಟೇಬಲ್ ಹಿಡಿ, ತಪ್ಪಿಲ್ಲ. ಆದರೆ ರೋಲ್ ಅನ್ನುವಲ್ಲಿ ಪ್ರೆಸೆಂಟೇಶನ್ ಅಂತ ಬರೆದು, ಇದು ಲೆಕ್ಕದ ಟೇಬಲ್ ಅಲ್ಲ ಅಂತ ತಿಳಿಸಿಬಿಡು. ಸಾಲ ಮಾಡಿದರೂ ಚೀಟಿ ಬರೆದುಕೊಡುವವನು ಮರ್ಯಾದಸ್ಥ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ಇವತ್ತು ರಾತ್ರಿ ಫೈರ್‌ಫಾಕ್ಸಿನಲ್ಲಿ ನಿನ್ನ ಪುಟ ತೆರೆ. ಮೆನುವಿನಲ್ಲಿ ಪೇಜ್ ಸ್ಟೈಲ್ ಅಂತ ಇದೆ, ಅಲ್ಲಿ ನೋ ಸ್ಟೈಲ್ ಒತ್ತು. ಬಣ್ಣವೆಲ್ಲ ಹೋಗಿ ಬೋಳು ಪುಟ ಉಳಿಯುತ್ತದೆ. ಹೆದರಬೇಡ. ಮೇಲಿನಿಂದ ಕೆಳಗೆ ಗಟ್ಟಿಯಾಗಿ ಓದು. ಹೇಳಬೇಕಾದ್ದು ಹೇಳಬೇಕಾದ ಕ್ರಮದಲ್ಲಿ ಬರುತ್ತದೆಯೇ? ಧಾರಣೆ ಪಟ್ಟಿ ಪಟ್ಟಿಯಾಗಿಯೇ ನಿಂತಿದೆಯೇ? ಎರಡಕ್ಕೂ ಹೌದು ಅಂದರೆ ನಿನ್ನ ಕಸುಬು ಗಟ್ಟಿಯಾಯಿತು. ಇಲ್ಲ ಅಂದರೆ ಬಣ್ಣಕ್ಕೆ ಕೈ ಹಾಕದೆ ಮೊದಲು ಎಲುಬು ಸರಿಮಾಡು.

ಸರಿಮಾಡಿದ ಮೇಲೆ ಭಾನುವಾರ ಬಾ. ನನ್ನ ಮೆಚ್ಚಿಗೆ ಆಮೇಲೆ ನೋಡೋಣ. ನಾವಿಬ್ಬರೂ ಹಿಂದಿನ ಬೀದಿಗೆ ಹೋಗಿ ಆ ಹುಡುಗನ ಪಕ್ಕ ಕೂತು, ಅವನ ಲ್ಯಾಪ್‌ಟಾಪ್ ನಿನ್ನ ಪುಟ ಓದುವುದನ್ನು ಕೇಳಿಸಿಕೊಳ್ಳೋಣ.