ಅವ್ವನ ರೊಕ್ಕ ಅವ್ವನ ಬಾಳಿಗೆ

ನಮ್ಮ ಹುನಗುಂದ, ಇಳಕಲ್ಲ ಕಡೆ ಆಸ್ತಿಯ ಮಾತು ಏಳುವುದು ಎರಡೇ ಹೊತ್ತಿನಲ್ಲಿ: ಅಣ್ಣತಮ್ಮಂದಿರ ವಾಟ್ನಿ ಆಗುವಾಗ, ಇಲ್ಲವೆ ಹಿರಿಯರು ತೀರಿಕೊಂಡು ವಾರ್ಸಾ ಹಚ್ಚುವಾಗ. ಈ ಎರಡರ ನಡುವೆ ಹತ್ತೋ ಹದಿನೈದೋ ವರ್ಷ ಮುದುಕರು ಬದುಕಿರುತ್ತಾರೆ. ಆಗ ಅವರ ರೊಕ್ಕವನ್ನು ಯಾರು ನೋಡಿಕೊಳ್ಳಬೇಕು, ಅದು ಯಾರಿಗಾಗಿ ಖರ್ಚಾಗಬೇಕು ಎಂದು ಯಾರೂ ಕೇಳುವುದಿಲ್ಲ. ಅವ್ವನ ನೆನಪು ಮಾಸತೊಡಗಿದಾಗ ನಾವು ಕೇಳಲೇಬೇಕಾಯಿತು. ಉತ್ತರ ಹುಡುಕುತ್ತ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವ್ವನ ಆಸ್ತಿ ಮೂರು ಬಗೆಯದು. ಹುನಗುಂದದ ಹತ್ತಿರದ ಎರಿ ಹೊಲ ಅಪ್ಪನ ಹಿರಿಯರಿಂದ ಬಂದದ್ದು. ಅಪ್ಪ ತೀರಿದ ಮೇಲೆ ಅದರ ಉತಾರದಲ್ಲಿ ಅವ್ವನ ಜೊತೆ ನಮ್ಮ ಮೂವರು ಮಕ್ಕಳ ಹೆಸರೂ ಕೂಡಿತ್ತು. ಇಳಕಲ್ಲದ ಮನೆಯನ್ನು ಅಪ್ಪ ಅವ್ವನ ಹೆಸರಿಗೇ ಖರೀದಿ ಮಾಡಿಸಿದ್ದ. ಮೂರನೆಯದು ರೊಕ್ಕ. ಬಾಗಲಕೋಟೆ ತಾಲ್ಲೂಕಿನಲ್ಲಿ ತವರಿನಿಂದ ಅವಳಿಗೆ ಬಂದಿದ್ದ ಹೊಲ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಗಿತ್ತು, ಪರಿಹಾರದ ಹಣ ಬ್ಯಾಂಕಿನಲ್ಲಿ ಠೇವಣಿಯಾಗಿತ್ತು. ಅಣ್ಣ ಹುನಗುಂದದಲ್ಲಿ ಒಕ್ಕಲುತನ ಮಾಡುತ್ತಾನೆ, ನಾನು ಬಾದಾಮಿಯಲ್ಲಿ ಶಿಕ್ಷಕಿ. ಕಿರಿಯ ತಮ್ಮನಿಗೆ ಹುಟ್ಟಿನಿಂದ ಬುದ್ಧಿಬೆಳವಣಿಗೆ ಕಡಿಮೆ, ಅವನು ಅವ್ವನ ಜೊತೆ ಇಳಕಲ್ಲದಲ್ಲಿ.

ಠೇವಣಿ ಇದೆಯೆಂದು ಗೊತ್ತಾದ ಮನೆಗೆ ನೆಂಟರು ಹೆಚ್ಚು. ಒಬ್ಬರಿಗೆ ಅವ್ವ ಕೈಗಡವೆಂದು ಚೆಕ್ ಬರೆದುಕೊಟ್ಟಿದ್ದಳು. ಕೇಳಿದರೆ ಕೊಟ್ಟದ್ದೇ ನೆನಪಿಲ್ಲ. ಕಾಗದಪತ್ರದ ಓಡಾಟ ಶುರುವಾದದ್ದು ಆಗ.

ಓಣಿಯ ಹಿರಿಯರ ಸಲಹೆ ಒಂದೇ: “ದೊಡ್ಡ ಮಗನ ಹೆಸರಿಗೆ ಬಕ್ಷೀಸ ಪತ್ರ ಮಾಡಿಕೊಟ್ಟು ಆರಾಮ ಇದ್ದುಬಿಡ್ರಿ.” ಅಣ್ಣನೇ ಒಪ್ಪಲಿಲ್ಲ. “ನಾ ನಾಳೆ ಇರಲಿಲ್ಲಂದ್ರ ಅವ್ವ ನನ್ನ ಮಕ್ಕಳ ಕಡೆ ಕೈ ಚಾಚಬೇಕೇನು?” ಎಂದ. ಅವನ ಮಾತಿನಲ್ಲಿ ಕಾನೂನಿನ ತಿರುಳೂ ಇತ್ತು. ಬಕ್ಷೀಸ ಪತ್ರ, ಅಂದರೆ ದಾನಪತ್ರ, ನೋಂದಣಿಯಾದ ಕ್ಷಣದಿಂದ ಆಸ್ತಿ ಪಡೆದವರದ್ದು. ಹಿರಿಯ ನಾಗರಿಕರ ಪಾಲನೆಯ 2007ರ ಕಾಯಿದೆಯ 23ನೇ ಕಲಂ ಒಂದು ಬಾಗಿಲು ತೆರೆದಿಟ್ಟಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಮಾಡಿದ ಆಸ್ತಿಯ ದಾನವನ್ನು, ಪಡೆದವರು ನೋಡಿಕೊಳ್ಳದಿದ್ದರೆ, ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿಯೇ ನ್ಯಾಯಮಂಡಳಿ. ನಮ್ಮ ತಾಲ್ಲೂಕುಗಳಿಗೆ ಅದು ಬಾಗಲಕೋಟೆಯಲ್ಲಿದೆ, ಅರ್ಜಿ ಹಾಕಲು ವಕೀಲರೇ ಬೇಕೆಂದಿಲ್ಲ.

ಆದರೆ ಆ ಷರತ್ತು ಕಾಗದದಲ್ಲಿ ಇರಬೇಕು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಷರತ್ತು ಇತ್ತೆಂದು ತೋರಿಸದೆ 23ನೇ ಕಲಂ ಹಿಡಿಯುವಂತಿಲ್ಲ ಎಂದಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬಳ ಪ್ರಕರಣದಲ್ಲಿ ಅದೇ ಕೋರ್ಟ್ ಕಾಯಿದೆಯನ್ನು ಉದಾರವಾಗಿ ಓದಿ, ಮಗನಿಗೆ ಕೊಟ್ಟ ದಾನಪತ್ರವನ್ನು ರದ್ದು ಮಾಡಿತು. ಅಲ್ಲಿಯೂ, ಕೊನೆಯವರೆಗೆ ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟಿದ್ದ ಬೇರೊಂದು ಕಾಗದ ತಾಯಿಯ ಕೈಯಲ್ಲಿತ್ತು. ನಮ್ಮಲ್ಲಿ “ಪ್ರೀತಿ ವಿಶ್ವಾಸದಿಂದ” ಎಂಬ ಸಿದ್ಧ ಒಕ್ಕಣೆಗೆ ಸಹಿ ಹಾಕಿಸುತ್ತಾರೆ. ಬಕ್ಷೀಸ ಪತ್ರ ಮಾಡಲೇಬೇಕೆಂದರೆ ಊಟ, ಔಷಧಿ, ಇರಲು ಜಾಗ ಇವನ್ನು ಪತ್ರದೊಳಗೇ ಬರೆಸಬೇಕು.

ಎರಡನೆಯ ಸಲಹೆ ಮುಖತ್ಯಾರ ಪತ್ರ. ಬ್ಯಾಂಕಿನ ವ್ಯವಹಾರವೆಲ್ಲ ನನ್ನ ಕೈಗೆ ಬರುತ್ತಿತ್ತು. ಬಾಗಲಕೋಟೆಯ ವಕೀಲರು ತಡೆದರು. ಮುಖತ್ಯಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಕರಾರು ಕಾಯಿದೆಯ 201ನೇ ಕಲಮಿನ ಪ್ರಕಾರ ಅದರ ಬಲ ಮುಗಿಯುತ್ತದೆ. ಅಂದರೆ ಅವ್ವನಿಗೆ ಅದು ಬಹಳ ಬೇಕಾಗುವ ದಿನವೇ ಅದು ಬರೀ ಕಾಗದ. ಕಾಲುನೋವಿನ, ಕಣ್ಣು ಮಂಜಾದ ಹಿರಿಯರಿಗೆ ಮುಖತ್ಯಾರ ಸಾಕು, ಮರೆವಿನ ಕಾಯಿಲೆಗೆ ಸಾಲದು.

ಮೂರನೆಯದು ಮೃತ್ಯುಪತ್ರ. ಇದು ಅಗ್ಗ, ಸುಲಭ. ಸ್ಟಾಂಪು ಬೇಕಿಲ್ಲ, ಇಬ್ಬರು ಸಾಕ್ಷಿಗಳ ಸಹಿ ಸಾಕು, ನೋಂದಣಿ ಕಡ್ಡಾಯವಲ್ಲವಾದರೂ ಮಾಡಿಸಿದರೆ ಒಳ್ಳೆಯದು. ಬರೆದವರು ಇರುವವರೆಗೆ ಆಸ್ತಿ ಅವರದ್ದೇ, ಮನಸ್ಸು ಬದಲಾದರೆ ಹೊಸದು ಬರೆಯಬಹುದು. ಆದರೆ ಅದು ಮಾತಾಡುವುದು ಸತ್ತ ಮೇಲೆ. ನಮ್ಮ ಚಿಂತೆ ಬದುಕಿರುವ ವರ್ಷಗಳದ್ದು.

ಅಮೆರಿಕದಲ್ಲಿರುವ ಸೋದರಮಾವನ ಮಗ “ಲಿವಿಂಗ್ ಟ್ರಸ್ಟ್ ಮಾಡಿಸಿಬಿಡ್ರಿ, ಇಲ್ಲಿ ಎಲ್ಲಾರೂ ಮಾಡ್ತಾರ” ಎಂದ. ಬದುಕಿರುವಾಗಲೇ ಆಸ್ತಿಯನ್ನು ಟ್ರಸ್ಟಿಗಳ ಕೈಗೆ ಒಪ್ಪಿಸುವ ಈ ಏರ್ಪಾಡನ್ನು ಅಲ್ಲಿ ಮಾಡುವ ದೊಡ್ಡ ಕಾರಣ, ಮೃತ್ಯುಪತ್ರಕ್ಕೆ ಕೋರ್ಟಿನ ಮಂಜೂರಾತಿ (ಪ್ರೊಬೇಟ್) ಪಡೆಯುವ ಖರ್ಚು ಮತ್ತು ಕಾಲ ಉಳಿಸುವುದು. ನಮ್ಮ ಜಿಲ್ಲೆಯಲ್ಲಿ ಮೃತ್ಯುಪತ್ರಕ್ಕೆ ಪ್ರೊಬೇಟ್ ಕಡ್ಡಾಯವೇ ಅಲ್ಲ, ತಂಟೆ ಇಲ್ಲದಿದ್ದರೆ ನೇರ ತಹಶೀಲ್ದಾರ ಕಚೇರಿಗೆ ಒಯ್ಯಬಹುದು. ಆ ಕಾರಣಕ್ಕೆ ಇಲ್ಲಿ ಟ್ರಸ್ಟ್ ಬೇಡ. ನಮಗೆ ಬೇಕಾದದ್ದು ಅದರ ಇನ್ನೊಂದು ಗುಣ: ಆಸ್ತಿ ಬಿಟ್ಟವರ ಬುದ್ಧಿ ಮಂಕಾದರೂ ಟ್ರಸ್ಟಿಯ ಕೆಲಸ ನಿಲ್ಲುವುದಿಲ್ಲ. 1882ರ ಭಾರತೀಯ ಟ್ರಸ್ಟ್ ಕಾಯಿದೆಯಲ್ಲಿ ಕುಟುಂಬಗಳೂ ಇಂಥ ಖಾಸಗಿ ಟ್ರಸ್ಟ್ ಮಾಡಿಕೊಳ್ಳಬಹುದು.

ಅವ್ವನಿಗೆ ಟ್ರಸ್ಟ್ ಎಂದರೆ ಕಾಲೇಜು ಕಟ್ಟುವವರ ವ್ಯವಹಾರ. ನಾನು ಬಾದಾಮಿಯ ಮೂರನೆಯ ಮೇಣಬಸದಿಯ ಉದಾಹರಣೆ ಹೇಳಿದೆ. ಕ್ರಿ.ಶ. 578ರಲ್ಲಿ ಚಾಲುಕ್ಯ ಅರಸುಮನೆತನದ ಮಂಗಳೇಶ ಅಲ್ಲಿ ವಿಷ್ಣುವಿಗೆ ಗುಡಿ ಕೊರೆಸಿ ಒಂದು ಹಳ್ಳಿಯನ್ನು ದತ್ತಿ ಬಿಟ್ಟ. ಆ ಹಳ್ಳಿಯ ಉತ್ಪನ್ನ ದೇವರ ಪೂಜೆಗೆ, ದಿನಾ ಹದಿನಾರು ಜನ ಬ್ರಾಹ್ಮಣರ ಊಟಕ್ಕೆ ಎಂದು ಕಲ್ಲಿನಲ್ಲಿ ಬರೆಸಿದ. ಕೊಟ್ಟವನು ಒಬ್ಬ, ನಡೆಸುವವರು ಬೇರೆ, ಉಣ್ಣುವವರು ಇನ್ನೊಬ್ಬರು, ಖರ್ಚು ಮಾತ್ರ ಹೇಳಿದ್ದಕ್ಕೇ ಆಗಬೇಕು. ಅವ್ವ ಕೇಳಿ ನಕ್ಕಳು: “ಹಂಗಾರ ದತ್ತಿ ಬಿಡಾಕಿನೂ ನಾನ, ಉಣ್ಣಾಕಿನೂ ನಾನ?” ಇದಕ್ಕಿಂತ ಚೆನ್ನಾಗಿ ವಕೀಲರೂ ಹೇಳಿರಲಿಲ್ಲ.

ಆದರೆ ಎಲ್ಲವನ್ನೂ ಟ್ರಸ್ಟಿಗೆ ಹಾಕಲಿಲ್ಲ. ಹುನಗುಂದದ ಹೊಲ ಅವ್ವ ಒಬ್ಬಳದ್ದಲ್ಲ, ಆದ್ದರಿಂದ ಹಾಗೇ ಬಿಟ್ಟೆವು. ಅಲ್ಲದೆ, ಟ್ರಸ್ಟುಗಳು ಕೃಷಿ ಜಮೀನು ಹೊಂದಲು ಭೂಸುಧಾರಣಾ ಕಾಯಿದೆಯಲ್ಲಿ ದಶಕಗಳ ಕಾಲ ನಿರ್ಬಂಧವಿತ್ತು. 2020ರ ತಿದ್ದುಪಡಿ ಆ ಕಲಮುಗಳನ್ನು ತೆಗೆದರೂ, ಉತಾರದಲ್ಲಿ ಸಂಸ್ಥೆಯ ಹೆಸರು ಬಂದರೆ ಪಿಎಂ ಕಿಸಾನ್ ಹಣ ನಿಲ್ಲುತ್ತದೆ. ಇಳಕಲ್ಲದ ಮನೆಯನ್ನು ಟ್ರಸ್ಟಿಗೆ ಸೇರಿಸಬೇಕಾದರೆ ನೋಂದಣಿ, ಸ್ಟಾಂಪು ಎಲ್ಲ ಬೇಕು. ಅದಕ್ಕೆ ಮೃತ್ಯುಪತ್ರ ಬರೆಸಿದೆವು: ತಮ್ಮ ಇರುವವರೆಗೆ ಅವನ ವಾಸಕ್ಕೆ, ಆಮೇಲೆ ನಮಗಿಬ್ಬರಿಗೆ.

ಟ್ರಸ್ಟಿಗೆ ಹೋದದ್ದು ಪರಿಹಾರದ ರೊಕ್ಕ ಮಾತ್ರ. ಅದೂ ಪೂರ್ತಿ ಅಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು, ಆದರೆ ಅದು ವ್ಯಕ್ತಿಗಳಿಗೆ, ಟ್ರಸ್ಟಿಗೆ ಅಲ್ಲ. ಬ್ಯಾಂಕುಗಳು ಹಿರಿಯರ ಠೇವಣಿಗೆ ಕೊಡುವ ಹೆಚ್ಚಿನ ಬಡ್ಡಿಯೂ ಟ್ರಸ್ಟಿಗೆ ಸಿಗುವುದಿಲ್ಲ. ಹಾಗಾಗಿ ಒಂದು ಭಾಗ ಅವ್ವನ ಹೆಸರಿನಲ್ಲೇ, ನಾಮಿನಿ ಹಾಕಿ, ಉಳಿಯಿತು. ಭದ್ರತೆಗೆ ಕೊಡುವ ಬೆಲೆ ಇದು, ಟ್ರಸ್ಟ್ ಮಾಡುವವರು ಮೊದಲೇ ಲೆಕ್ಕ ಹಾಕಬೇಕು. ನಾಮಿನಿ ಎಂದರೆ ಮಾಲೀಕರಲ್ಲ, ವಾರಸುದಾರರ ಪರವಾಗಿ ಹಣ ಪಡೆಯುವವರು ಮಾತ್ರ ಎಂಬುದೂ ನೆನಪಿರಲಿ.

ಟ್ರಸ್ಟ್ ಪತ್ರದ ಕಲಮುಗಳನ್ನು ಬರೆಸುವಾಗ ನಿಧಾನಿಸಿದ್ದು ಒಳ್ಳೆಯದಾಯಿತು. ಟ್ರಸ್ಟಿಗಳು ಮೂವರು: ಅಣ್ಣ, ನಾನು, ಸೋದರಮಾವ. ಟ್ರಸ್ಟ್ ಕಾಯಿದೆಯ 48ನೇ ಕಲಮಿನಂತೆ ಪತ್ರದಲ್ಲಿ ಬೇರೆ ಹೇಳದಿದ್ದರೆ ಎಲ್ಲ ಟ್ರಸ್ಟಿಗಳೂ ಕೂಡಿಯೇ ಸಹಿ ಮಾಡಬೇಕು. ಆಸ್ಪತ್ರೆಯ ಬಿಲ್ಲು ಮಾವನ ಊರಿನಿಂದ ಬರುವ ಬಸ್ಸಿಗೆ ಕಾಯುವುದಿಲ್ಲ, ಅದಕ್ಕೆ ಮೂವರಲ್ಲಿ ಇಬ್ಬರ ಸಹಿ ಸಾಕೆಂದು ಬರೆಸಿದೆವು. ರದ್ದು ಮಾಡುವ ಹಕ್ಕು ಅವ್ವನಿಗೆ ಮಾತ್ರ. ಆ ಹಕ್ಕನ್ನು ಪತ್ರದಲ್ಲಿ ಸ್ಪಷ್ಟವಾಗಿ ಉಳಿಸಿಕೊಳ್ಳದಿದ್ದರೆ ಟ್ರಸ್ಟನ್ನು ಆಮೇಲೆ ಹಿಂತೆಗೆಯಲು ಆಗುವುದಿಲ್ಲ. ಹಾಗೆ ಉಳಿಸಿಕೊಂಡದ್ದರಿಂದ ಬಡ್ಡಿಯ ಆದಾಯ ತೆರಿಗೆ ಅವ್ವನ ಲೆಕ್ಕಕ್ಕೇ ಬರುತ್ತದೆ, ತೆರಿಗೆ ಉಳಿಯುತ್ತದೆಂಬ ಆಸೆ ಬೇಡ. ಮೊದಲ ಖರ್ಚು ಅವ್ವನ ಊಟ, ಔಷಧಿ, ಆರೈಕೆಯವಳ ಪಗಾರ. ಅವ್ವನ ನಂತರ ತಮ್ಮನದ್ದು. ಮಿಕ್ಕರೆ ಮಾತ್ರ ಉಳಿದ ಮಾತು.

ಟ್ರಸ್ಟಿಯಾಗುವುದು ಮರ್ಯಾದೆಯ ಹುದ್ದೆಯಲ್ಲ. ಲೆಕ್ಕ ಬರೆದಿಡಬೇಕು, ಟ್ರಸ್ಟಿನ ರೊಕ್ಕದಿಂದ ಸ್ವಂತಕ್ಕೆ ಲಾಭ ಮಾಡಿಕೊಳ್ಳುವಂತಿಲ್ಲ, ಒಪ್ಪಿಕೊಂಡ ಮೇಲೆ ಮನಸ್ಸಿಗೆ ಬಂದಾಗ ಕೈ ಬಿಡುವಂತಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಪ್ರತಿ ತಿಂಗಳು ಪಾವತಿಗಳನ್ನು ಒಂದು ವಹಿಗೆ ಅಂಟಿಸುತ್ತಾಳೆ. ಕೈಗಡ ಕೇಳಿ ಬಂದವರಿಗೆ “ಇಬ್ಬರ ಸಹಿ ಬೇಕಪಾ” ಎನ್ನುವುದು ಈಗ ಅವ್ವನಿಗೂ ಅನುಕೂಲದ ಮಾತು.

ನೆನಪು ಮಾಸುತ್ತಿದ್ದರೂ ಅವ್ವನ ತಿಳಿವು ಇನ್ನೂ ಚೆನ್ನಾಗಿದ್ದಾಗಲೇ ಇದೆಲ್ಲ ಆಯಿತು. ಮರೆವು ಬಲಿತ ಮೇಲೆ ಟ್ರಸ್ಟೂ ಇಲ್ಲ, ಮೃತ್ಯುಪತ್ರವೂ ಇಲ್ಲ. ಸಹಿಯ ದಿನವೇ ವೈದ್ಯರ ಪ್ರಮಾಣಪತ್ರ ಪಡೆದು ಕಾಗದಗಳ ಜೊತೆ ಇಟ್ಟೆವು. ಏಳಲಾಗದ ಹಿರಿಯರಿದ್ದರೆ ಉಪನೋಂದಣಾಧಿಕಾರಿ ಮನೆಗೇ ಬಂದು ಪತ್ರ ಸ್ವೀಕರಿಸಲು ನೋಂದಣಿ ಕಾಯಿದೆಯಲ್ಲಿ ಅವಕಾಶವಿದೆ, ಬಹಳ ಜನ ಕೇಳುವುದೇ ಇಲ್ಲ. ತಮ್ಮನ ವಿಷಯಕ್ಕೆ ಬೇರೆ ದಾರಿ ಹಿಡಿದೆವು. ಬುದ್ಧಿಬೆಳವಣಿಗೆ ಕಡಿಮೆ ಇರುವ ವಯಸ್ಕರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸುತ್ತದೆ. ಹದಿನೆಂಟು ತುಂಬಿದ ಮೇಲೆ ತಾಯಿತಂದೆಯೂ ತಾವಾಗಿ ಕಾನೂನಿನ ಪಾಲಕರಲ್ಲ.

ಇಷ್ಟೆಲ್ಲ ಎಲ್ಲರಿಗೂ ಬೇಕೇ? ಬೇಡ. ತಿಳಿವು ಚೆನ್ನಾಗಿರುವ, ಮಕ್ಕಳು ಹೊಂದಿಕೊಂಡಿರುವ ಮನೆಗೆ ಒಂದು ಮೃತ್ಯುಪತ್ರ, ನಂಬಿಕೆಯವರ ಜೊತೆ ಜಂಟಿ ಖಾತೆ, ನಾಮಿನಿ ಸಾಕು. ಮರೆವಿನ ಕಾಯಿಲೆ, ತನ್ನನ್ನು ತಾನು ನೋಡಿಕೊಳ್ಳಲಾಗದ ಮಗು, ಒಮ್ಮೆಗೇ ಬಂದ ದೊಡ್ಡ ರೊಕ್ಕ, ಇವು ಕೂಡಿದಲ್ಲಿ ಮಾತ್ರ ಟ್ರಸ್ಟಿನ ತೊಂದರೆಗೆ ಬೆಲೆಯಿದೆ.

ಅಂಥ ರೊಕ್ಕ ಇನ್ನೂ ಬರಲಿದೆ. ಆಲಮಟ್ಟಿಯ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತಕ್ಕೆ, 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ನಿಗದಿ ಮಾಡಿದೆ. ಆ ಉತಾರಗಳಲ್ಲಿ ಎಷ್ಟೋ ವಯಸ್ಸಾದವರ ಹೆಸರುಗಳಿವೆ. ಚೆಕ್ ಕೈಗೆ ಬರುವ ಮೊದಲೇ ಮನೆಯವರೆಲ್ಲ ಆ ಹಿರಿಯರ ಮುಂದೆ ಕುಳಿತು, ಅವರು ಬದುಕಿರುವವರೆಗೆ ಏನೇನು ಖರ್ಚು, ಯಾರು ಲೆಕ್ಕ ಕೊಡಬೇಕು ಎಂಬುದನ್ನು ಬರೆದು ಮುಗಿಸಲಿ. ಮಕ್ಕಳು ಜಗಳಾಡಲೇಬೇಕೆಂದಿದ್ದರೆ ಅದಾದ ಮೇಲೆ ಉಳಿದದ್ದಕ್ಕೆ ಜಗಳಾಡಲಿ.