ಜಪಾನಿನಲ್ಲಿ ವೇತನ ಮತ್ತು ಉದ್ಯೋಗದ ಹೊಂದಾಣಿಕೆ

ಬೇಡಿಕೆ ಕುಸಿದಾಗ ಆಳು ಕಡಿಮೆ ಮಾಡುವುದೊಂದೇ ದಾರಿಯೆಂದು ನಮ್ಮ ಉದ್ದಿಮೆದಾರರಲ್ಲಿ ಅನೇಕರು ಭಾವಿಸುತ್ತಾರೆ. ಜಪಾನಿನ ದೊಡ್ಡ ಕಂಪನಿಗಳಲ್ಲಿ ಅದು ಕಟ್ಟಕಡೆಯ ಕ್ರಮ. ಮೊದಲು ಓವರ್‌ಟೈಮ್ ನಿಲ್ಲುತ್ತದೆ. ಬಳಿಕ ಬೋನಸ್ ಇಳಿಯುತ್ತದೆ, ಹೊಸ ನೇಮಕಾತಿ ಸ್ಥಗಿತಗೊಳ್ಳುತ್ತದೆ. ಹೆಚ್ಚುವರಿ ನೌಕರರನ್ನು ಅಂಗಸಂಸ್ಥೆಗಳಿಗೆ ನಿಯೋಜನೆಯ ಮೇಲೆ ಕಳುಹಿಸಲಾಗುತ್ತದೆ. ಇಷ್ಟೂ ಸಾಲದಾದಾಗ ಮಾತ್ರ ಸ್ವಯಂ ನಿವೃತ್ತಿಯ ಪ್ರಸ್ತಾಪ ಬರುತ್ತದೆ.

ಬೋನಸ್ಸಿನ ಪಾತ್ರವನ್ನು ಲೆಕ್ಕದ ಮೂಲಕವೇ ನೋಡುವುದು ಒಳಿತು. ಬೇಸಿಗೆ ಮತ್ತು ಚಳಿಗಾಲದಲ್ಲಿ, ವರ್ಷಕ್ಕೆ ಎರಡು ಬಾರಿ ಅದನ್ನು ನೀಡುವುದು ರೂಢಿ. ಮಾಸಿಕ ವೇತನ 3 ಲಕ್ಷ ಯೆನ್, ವಾರ್ಷಿಕ ಬೋನಸ್ ಐದು ತಿಂಗಳ ವೇತನದಷ್ಟು ಎಂದಿಟ್ಟುಕೊಳ್ಳೋಣ. ಆಗ ವರ್ಷದ ವೆಚ್ಚ 51 ಲಕ್ಷ ಯೆನ್. ಬೋನಸ್ ಮೂರು ತಿಂಗಳಿಗೆ ಇಳಿದರೆ ವೆಚ್ಚ 45 ಲಕ್ಷ. ಮಾಸಿಕ ವೇತನವನ್ನು ಮುಟ್ಟದೆಯೇ ಶೇ. 11.8ರಷ್ಟು ಉಳಿತಾಯವಾಯಿತು! ಓವರ್‌ಟೈಮ್ ದರವನ್ನು ನಿಗದಿಪಡಿಸುವಾಗಲೂ ಈ ಬೋನಸ್ಸನ್ನು ಪರಿಗಣಿಸುವುದಿಲ್ಲ. ನಮ್ಮಲ್ಲಾದರೋ ನಷ್ಟದ ವರ್ಷದಲ್ಲೂ ಅರ್ಹ ನೌಕರನಿಗೆ ಸಾಮಾನ್ಯವಾಗಿ ಶೇ. 8.33ರ ಕನಿಷ್ಠ ಬೋನಸ್ ಸಲ್ಲಬೇಕು. ಅಲ್ಲಿ ಅದು ಆಡಳಿತ ವರ್ಗ ಹಾಗೂ ಆಯಾ ಕಂಪನಿಯದೇ ಆದ ಕಾರ್ಮಿಕ ಸಂಘದ ನಡುವಣ ಮಾತುಕತೆಯ ವಿಷಯ.

1973ರ ತೈಲ ಬಿಕ್ಕಟ್ಟಿನ ನಂತರ, 1974ರ 'ಷುಂತೋ' ಎಂಬ ವಸಂತಕಾಲದ ವೇತನ ಸಂಧಾನದಲ್ಲಿ ಏರಿಕೆ ಶೇ. 30ನ್ನು ಮೀರಿತು. ಮರುವರ್ಷವೇ ಸಂಘಗಳು ಉದ್ಯೋಗ ಉಳಿಯಲೆಂದು ಸುಮಾರು ಶೇ. 13ಕ್ಕೆ ಒಪ್ಪಿದವು. ಕೆಲಸವಿಲ್ಲದೆ ಕುಳಿತ ನೌಕರರ ವೇತನದ ಒಂದು ಪಾಲನ್ನು ಉದ್ಯೋಗ ವಿಮೆಯಿಂದ ಭರಿಸುವ ವ್ಯವಸ್ಥೆಯೂ 1975ರಲ್ಲಿ ಜಾರಿಗೆ ಬಂತು.

ಆದರೆ ಈ ಹೊಂದಾಣಿಕೆಯ ಭಾರವನ್ನು ಎಲ್ಲರೂ ಸಮನಾಗಿ ಹೊತ್ತರೆಂದು ಹೇಳಲಾಗದು. ಕಾಯಂ ನೌಕರರನ್ನು ಕಾಪಾಡಲು 1990ರ ದಶಕದಲ್ಲಿ ನೇಮಕಾತಿಯನ್ನು ತಗ್ಗಿಸಿದ್ದರಿಂದ ಹೊಸ ಪದವೀಧರರು ಹೊರಗುಳಿದರು. 1990ರಲ್ಲಿ ಸುಮಾರು ಐದರಲ್ಲೊಂದರಷ್ಟಿದ್ದ ಅರೆಕಾಲಿಕ, ಗುತ್ತಿಗೆ ಮೊದಲಾದ ಕಾಯಮೇತರ ನೌಕರರ ಪಾಲು ಮುಂದೆ ಮೂರರಲ್ಲೊಂದನ್ನು ದಾಟಿತು. 2008ರ ಕೊನೆಯಲ್ಲಿ ಏಜೆನ್ಸಿಗಳ ಮೂಲಕ ಬಂದ ಕಾರ್ಖಾನೆ ಕೆಲಸಗಾರರು ಉದ್ಯೋಗದೊಡನೆ ಕಂಪನಿಯ ವಸತಿಯನ್ನೂ ಕಳೆದುಕೊಂಡರು. ಟೋಕಿಯೋದ ಹಿಬಿಯಾ ಉದ್ಯಾನದಲ್ಲಿ ಅವರಿಗಾಗಿ ಡೇರೆಗಳನ್ನು ಹಾಕಬೇಕಾಯಿತು.

ಬಿಡಿಭಾಗ ಪೂರೈಸುವ ಸಣ್ಣ ಘಟಕಗಳ ಕಷ್ಟ ಬೇರೆ ಬಗೆಯದು. ದೊಡ್ಡ ಕಂಪನಿ ತನ್ನ ವೆಚ್ಚ ಇಳಿಸುವಾಗ ಪೂರೈಕೆ ದರವನ್ನೂ ಹಿಂಡುತ್ತದೆ. 2024ರಲ್ಲಿ ಸಂಧಾನದ ಸರಾಸರಿ ಏರಿಕೆ ಶೇ. 5.10 ಆಗಿ, 1991ರ ನಂತರದ ಗರಿಷ್ಠ ಮಟ್ಟ ಮುಟ್ಟಿದಾಗಲೂ ಸಣ್ಣ ಸಂಘಗಳಿಗೆ ದೊರೆತದ್ದು ಶೇ. 4.45. ದರ ಏರದೆ ವೇತನ ಏರಿಸುವುದಾದರೂ ಎಲ್ಲಿಂದ? ಪೂರೈಕೆದಾರನೊಡನೆ ಮಾತುಕತೆಗೇ ಕೂಡದೆ ಖರೀದಿದಾರನು ಏಕಪಕ್ಷೀಯವಾಗಿ ದರ ನಿಗದಿ ಮಾಡುವುದನ್ನು ಜಪಾನ್ 2025ರಲ್ಲಿ ಉಪಗುತ್ತಿಗೆ ಕಾನೂನಿಗೆ ತಿದ್ದುಪಡಿ ತಂದು ನಿಷೇಧಿಸಿತು.